ಎಡಮೂಲೆಯ ಬಿಳಿ ಗೀರು

ಡಫಳಾಪುರ
ತಾ. ೯ ಮಾರ್ಚ್ ೧೯೫೭

ಪ್ರೀತಿಯ ತಮ್ಮ ಶ್ರೀಶೈಲಾ,

ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಯ ಧೂಳು ಎದೆಯಲ್ಲಿ ಕೂತರೆ ಬೆಲ್ಲ ತಿಂದು ಇಳಿಸಬೇಕು ಎನ್ನುತ್ತಾಳೆ ನಿನ್ನ ಅತ್ತಿಗೆ ಗುರವ್ವ. ಸೊಲ್ಲಾಪುರದ ಬೆಲ್ಲದ ಮೇಲೆ ಅವಳಿಗೆ ನಂಬಿಕೆಯಿಲ್ಲ, ಹಾಗಾಗಿ ಲಾರಿಯ ಹಾಜಿಮಲಂಗನ ಕೈಯಲ್ಲಿ ಒಂದು ಚೀಲ ಇಲ್ಲಿಂದಲೇ ಕಳಿಸುತ್ತಿದ್ದೇವೆ. ಶಿವಲಿಂಗವ್ವ, ಮಕ್ಕಳು ಆರಾಮ ಇದ್ದಾರೆಂದು ತಿಳಿಯುತ್ತೇನೆ. ಇಲ್ಲಿ ನಾವು ಎದ್ದು ಓಡಾಡುತ್ತಿದ್ದೇವೆ. ಶೇಂಗಾದ ದರ ಬಿದ್ದಿದೆ. ಸೋಮನಿಂಗಪ್ಪನ ಮಾತಿನ ದರ ಮಾತ್ರ ಬಿದ್ದಿಲ್ಲ ಎಂದು ಅಂಗಡಿಗೆ ಬಂದವರು ನಗುತ್ತಾರೆ. ಅಪ್ಪ ತೀರಿ ನಾಲ್ಕು ತಿಂಗಳಾಯಿತು. ಅವನ ಕೋಲು ಇನ್ನೂ ಬಾಗಿಲ ಸಂದಿಯಲ್ಲೇ ಇದೆ, ತೆಗೆದಿಡಲು ಯಾರಿಗೂ ಕೈ ಬರುವುದಿಲ್ಲ.

ಅವನ ಟ್ರಂಕಿನಲ್ಲಿ ಸಿಕ್ಕ ಕ್ಯಾಮೆರಾದ ಬಗ್ಗೆ ನೀನು ಎರಡು ಸಲ ಬರೆದೆ: ಬಂದಷ್ಟಕ್ಕೆ ಮಾರಿಬಿಡು, ನನಗೆ ಪಾಲು ಬೇಡ. ಬೀಡಿ ಕಟ್ಟಿಗೂ ಚೌಕಾಶಿ ಮಾಡುವ ನೀನು ಹೀಗೆ ಬರೆದದ್ದು ನೋಡಿ, ಗಿರಣಿ ಇವನ ಮನಸ್ಸನ್ನು ದೊಡ್ಡದು ಮಾಡಿತು ಎಂದು ಗುರವ್ವನಿಗೆ ಹೇಳಿದೆ. ಆದರೆ ಬಂದಷ್ಟಕ್ಕೆ ಮಾರುವುದು ನಾನು ಕಲಿಯದ ವಿದ್ಯೆ. ತಲೆಯ ಮೇಲೆ ಶೇಂಗಾದ ಬುಟ್ಟಿ ಹೊತ್ತು ಸಂತೆ ಸಂತೆ ತಿರುಗಿ ಅಂಗಡಿ ಇಟ್ಟವನು ನಾನು. ಮಾಲು ಏನೆಂದು ತಿಳಿಯದೆ ದರ ಹೇಳಿದವನಲ್ಲ. ಮಿರಜದ ಲಿಲಾವಿನಲ್ಲಿ ಹರಾಜು ಕೂಗಿ ಕೊಂಡೆ ಎಂದು ಅಪ್ಪ ಹೇಳುತ್ತಿದ್ದನಲ್ಲ, ಎಷ್ಟಕ್ಕೆ ಎಂದು ಕೇಳಿದರೆ ಪ್ರತಿ ಸಲ ಬೇರೆ ಅಂಕಿ ಬರುತ್ತಿತ್ತು. ಒಂಬತ್ತು ವರ್ಷದಲ್ಲಿ ಅದರಿಂದ ಒಂದು ಫೋಟೋ ತೆಗೆಯಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಅವನು ತೀರಿದ ದಿನ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಹಾರ ಹಾಕಿದಾಗ, ಎಲ್ಲರ ಮನೆಯಂತೆ ನಮ್ಮಲ್ಲೂ ಒಂದು ಫೋಟೋ ಆಗಲಿ, ಹೇಗೂ ಮನೆಯಲ್ಲಿ ಡಬ್ಬಿ ಇದೆ ಎಂದಳು ಚನ್ನವ್ವ ಅತ್ತೆ. ನೀನು "ಬ್ಯಾಡ, ಅದನ್ನ ಹೊರಗ ತಗೀಬ್ಯಾಡ್ರಿ" ಅಂದೆ. ದುಃಖದ ಮಾತೆಂದು ಯಾರೂ ಒತ್ತಾಯಿಸಲಿಲ್ಲ. ಅಪ್ಪನದೊಂದು ಫೋಟೋ ಇಲ್ಲದೆ ಹೋಯಿತು.

ಜತ್ತದಲ್ಲಿ ಗಡಿಯಾರ ರಿಪೇರಿ ಮಾಡುವ ಕಾಸೀಂಸಾಬನಿಗೆ ಕ್ಯಾಮೆರಾದ ಒಳಗೂ ಗೊತ್ತು, ಬೆಲೆಯೂ ಗೊತ್ತು. ಅವನು ಮುಂದಿನ ಮುಚ್ಚಳ ಇಳಿಸಿ ಎಳೆದ. ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾಗಿ ಕರಿ ತೊಗಲು ಹೊರಗೆ ಬಂತು. ತುದಿಯಲ್ಲಿದ್ದ ಕಾಚಿನ, ಆ ದುಂಡು ಗಾಜಿನ, ಸುತ್ತಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ, ಇದು ಜರ್ಮನಿಯ ಮಾಲು, ಮೂವತ್ತು ವರ್ಷದ ಹಿಂದಿನದು, ಕಾಚಿಗೆ ಬೂಷ್ಟು ಹಿಡಿದಿಲ್ಲ ಅಂದ. ಗುಂಡಿ ಒತ್ತಿ ಗಡಿಯಾರ ಕೇಳುವ ಹಾಗೆ ಕಿವಿಗೆ ಹಿಡಿದು ಕೇಳಿದ. ನೂರಾ ನಲವತ್ತು ಎಂದು ಬಾಯಿಬಿಟ್ಟವನು, ತೊಗಲಿನೊಳಗೆ ದೀಪ ಹಿಡಿದು ನೋಡಿ ಅರವತ್ತಕ್ಕೆ ಇಳಿದ. "ಸಾವಕಾರ್ರ, ತೊಗಲಿಗೆ ತೂತ ಅದ. ಯಾರೋ ಕರೀ ರೇಶ್ಮಿ ಚೂರು ಅಂಟಿಸಿದ್ರು, ಉದುರೇದ. ಬೆಳಕ ಒಳಗ ಹೋಗ್ತದ." ಸೂಜಿಯ ಮೊನೆಯಷ್ಟು ತೂತಿಗೆ ಎಂಬತ್ತು ರೂಪಾಯಿ. ನಾನು ಬಿಡುವವನೇ? ತೂತು ನಿನ್ನ ಕಣ್ಣಿಗೆ ಬಿದ್ದಿದೆ ಅಂದೆ. ತೂತಿಲ್ಲವೆಂದು ಸಾಧಿಸಲು ರೋಲಿನ ರೊಕ್ಕ ನಾನೇ ಕೊಟ್ಟೆ. ಅವನ ಅಂಗಡಿಯ ಮುಂದೆ ಖುರ್ಚಿ ಹಾಕಿಸಿ, ರುಮಾಲು ಸರಿ ಮಾಡಿಕೊಂಡು ನಾನೇ ಕೂತೆ.

ಎಂಟು ದಿನಕ್ಕೆ ಫೋಟೋ ತೊಳೆದು ಬಂತು. ಹೆಣ ಕೂರಿಸಿದ ಹಾಗೆ ಕೂತಿದ್ದೆ. ಎಡಮೂಲೆಯಲ್ಲಿ ಒಂದು ಬಿಳಿ ಗೀರು ಓರೆಯಾಗಿ ಇಳಿದು, ತುದಿಯಲ್ಲಿ ಆಡಿನ ಗೊರಸಿನಂತೆ ಎರಡಾಗಿ ಸೀಳಿತ್ತು. ಕಾಸೀಂಸಾಬ ಗೆದ್ದ ನಗೆ ನಕ್ಕ. ನನಗೆ ನಗು ಬರಲಿಲ್ಲ. ಆ ಗೀರನ್ನು ನಾನು ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ನೋಡುತ್ತೇನೆ. ಮನೆಗೆ ಬಂದು ಗೋಡೆಯಿಂದ ಅವ್ವನ ಫೋಟೋ ಇಳಿಸಿದೆ. ನಿನಗೆ ನೆನಪಿದೆ, ಅವಳು ತೀರಿದ ದಿನ ಕೂರಿಸಿ ತೆಗೆಸಿದ್ದು. ಒಂದು ಕಡೆ ನಾನು, ಎಡಕ್ಕೆ ನೀನು, ನಿನ್ನ ತಲೆಯ ಮೇಲೆ ಆ ಗೀರು. ಅವ್ವನ ಜೀವ ಶಿವನ ಕಡೆಗೆ ಹೋದ ದಾರಿ ಎಂದು ಚನ್ನವ್ವ ಅತ್ತೆ ಬಂದವರಿಗೆಲ್ಲ ತೋರಿಸಿ ಕೈ ಮುಗಿಸುತ್ತಿದ್ದಳು, ನಾನೂ ಮುಗಿದಿದ್ದೇನೆ. ಎರಡು ಫೋಟೋ ಪಕ್ಕಪಕ್ಕ ಇಟ್ಟು ದಾರ ಹಿಡಿದು ಅಳೆದೆ. ಎಳೆಯಷ್ಟೂ ವ್ಯತ್ಯಾಸವಿಲ್ಲ. ಆ ದಾರಿ ಈ ತೊಗಲಿನ ತೂತು. ಅವ್ವನ ಫೋಟೋ ತೆಗೆದದ್ದು ಇದೇ ಕ್ಯಾಮೆರಾ.

ಆ ಫೋಟೋ ತೆಗೆದವರು ಆಚೆ ಊರಿನ ನರಹರಪಂತರು. ಗಾಂಧೀಜಿಯನ್ನು ಕೊಂದವನು ಬ್ರಾಹ್ಮಣನೆಂದು ಸುದ್ದಿ ಬಂದ ವಾರ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಹಚ್ಚಿದರಲ್ಲ, ಆಗ ಅವರ ಮನೆಯೂ ಹೋಯಿತು, ಆ ಬೆಂಕಿಯಲ್ಲೇ ಅವರೂ ಹೋದರು. ಅಂದಮೇಲೆ ಇದು ಲಿಲಾವಿನ ಮಾಲಲ್ಲ, ಆ ಮನೆಯಿಂದ ಯಾರೋ ಎತ್ತಿದ್ದು. ಅವರ ಹೆಂಡತಿ ಅಂಬಾಬಾಯಿಯವರು ಮಿರಜದಲ್ಲಿ ತಮ್ಮನ ಮನೆಯಲ್ಲಿದ್ದಾರೆಂದು ಪತ್ತೆ ಮಾಡಿ ಹೋದೆ. ಕ್ಯಾಮೆರಾ ಒಯ್ಯಲಿಲ್ಲ, ನನ್ನ ಧೈರ್ಯ ಅಷ್ಟೇ. ಎರಡು ಫೋಟೋ ಮಾತ್ರ ಒಯ್ದೆ. ಅವ್ವನದನ್ನು ನೋಡಿ, ಎಷ್ಟು ಶಾಂತವಾಗಿ ಕೂತಿದ್ದಾಳೆ ಅಂದರು. ನನ್ನದನ್ನು ಕೈಗೆ ತೆಗೆದುಕೊಂಡು ಎಡಮೂಲೆಯ ಗೀರಿನ ಮೇಲೆ ಬೆರಳಾಡಿಸಿದರು. ಆಮೇಲೆ "ರೇಶ್ಮಿ ಮತ್ತ ಉದುರೇದ. ಪ್ರತಿ ಬ್ಯಾಸಿಗಿಗೆ ನಾನಽ ಅಂಟಿಸ್ತಿದ್ದೆ, ನನ್ನ ಹಳೇ ಸೀರಿ ಸೆರಗಿಂದು" ಅಂದರು. ಡಬ್ಬಿ ಈಗ ಎಲ್ಲಿದೆ ಎಂದು ಕೇಳಿದರು. ಸಂತೆಯಲ್ಲಿ ಹತ್ತು ಮಂದಿಯ ಬಾಯಿ ಮುಚ್ಚಿಸುವ ನಾನು, ಯಾರೋ ವ್ಯಾಪಾರಿಯ ಹತ್ತಿರ ಇದೆ, ವಿಚಾರಿಸುತ್ತೇನೆ ಎಂದು ಸುಳ್ಳು ಹೇಳಿ ಎದ್ದೆ. ಅವರು ಕೊಟ್ಟ ಚಹಾ ಅರ್ಧ ಹಾಗೇ ಉಳಿಯಿತು. ಅಂಗಳದವರೆಗೆ ಬಂದು ಒಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ.

ಕಾಸೀಂಸಾಬ ಮೊನ್ನೆ ಎಪ್ಪತ್ತೈದಕ್ಕೆ ಏರಿದ. ಮಾಲು ನಮ್ಮದಲ್ಲ ಅಂದೆ. ನಿಮ್ಮ ಬಾಯಿಂದ ಈ ಮಾತು ಕೇಳಿದ್ದು ಇದೇ ಮೊದಲು ಎಂದು ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ.

ಶಿವಲಿಂಗವ್ವನಿಗೂ ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದ. ರಾತ್ರಿ ಪಾಳಿ ಇದ್ದರೆ ಕಿವಿಗೆ ಬಟ್ಟೆ ಸುತ್ತಿಕೊಂಡು ಹೋಗು. ಶಿವ ನಿನ್ನ ಎದೆ ಹಗುರ ಮಾಡಲಿ.

ನಿನ್ನ ಅಣ್ಣ,
ಸೋಮನಿಂಗಪ್ಪ

ತಾ.ಕ.: ಹಾಜಿಮಲಂಗ ಹೊರಗೆ ಹಾರ್ನು ಹೊಡೆಯುತ್ತಿದ್ದಾನೆ, ಲಗೂನ ಬರೆಯುತ್ತೇನೆ. ಅಪ್ಪನೇ ತಂದನೆಂದು ಮೂರು ದಿನ ನಂಬಿ, ಅವನ ಕೋಲಿನ ಕಡೆ ಬೆನ್ನು ಹಾಕಿ ಉಂಡೆ. ಆಮೇಲೆ ನೆನಪಾಯಿತು. ಬೆಂಕಿ ಹಚ್ಚಿದ ಆ ವಾರ ಅಪ್ಪ ಮತ್ತು ನಾನು ಶೇಂಗಾದ ಗಾಡಿ ಹೊಡೆದುಕೊಂಡು ವಿಜಾಪುರಕ್ಕೆ ಹೋಗಿ, ದಾರಿ ಮುಚ್ಚಿ ಒಂಬತ್ತು ದಿನ ಅಲ್ಲೇ ಕೂತಿದ್ದೆವು. ಮನೆಯಲ್ಲಿದ್ದವನು ನೀನೊಬ್ಬ. ಆ ವರ್ಷದ ಯುಗಾದಿಗೆ ಮೊದಲೇ ನೀನು ಸೊಲ್ಲಾಪುರದ ದಾರಿ ಹಿಡಿದೆ. ಲಿಲಾವಿನ ಸುಳ್ಳನ್ನು ಅಪ್ಪ ನಿನ್ನ ಸಲುವಾಗಿ ಸಾಯುವ ತನಕ ಹೊತ್ತ. ಅಂಬಾಬಾಯಿ ಅಂಗಳದಲ್ಲಿ ಹೇಳಿದ್ದು ಇದು: "ನಾವೆಲ್ಲಾ ಹೊರಗ ಬಂದಿದ್ವಿ. ಡಬ್ಬಿ ಒಳಗ ಉಳೀತಂತ ಅವರು ತಿರುಗಿ ಹೋದ್ರು. ಅದು ಸಿಗಲಿಲ್ಲೇನೋ, ಹುಡುಕ್ಕೋತ ಅಲ್ಲೇ ಉಳದ್ರು." ಅಷ್ಟು ಹೊತ್ತಿಗೆ ಅದು ನಿನ್ನ ಕಂಬಳಿಯೊಳಗಿತ್ತು. ಬೆಲ್ಲದ ಚೀಲದ ತಳಕ್ಕೆ ಕೈ ಹಾಕು, ಅರಿವೆಯಲ್ಲಿ ಸುತ್ತಿ ಕಳಿಸಿದ್ದೇನೆ. ಅವರ ವಿಳಾಸದ ಚೀಟಿ ಅದರಲ್ಲೇ ಇದೆ. ಮಿರಜಕ್ಕೆ ನೀನೇ ಹೋಗಬೇಕು. ತೂತಿಗೆ ನಾನು ಏನೂ ಅಂಟಿಸಿಲ್ಲ.