ಸುಮ್ಮನಾದವರ ದೂರು

ತಾಳಮಲೆ
ಭಾನುವಾರ, 24 ನವೆಂಬರ್ 2024

ನನ್ನ ಮುದ್ದು ಪರಿಮಳಾ,

ನಾವಿಲ್ಲಿ ಉಂಡುಟ್ಟುಕೊಂಡು ಇದ್ದೇವೆ. ನೀನು ಹೇಗಿದ್ದೀಯ ಎಂದು ಕೇಳಲು ಮಾತ್ರ ಭಯವಾಗುತ್ತದೆ ಕಣೇ. ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತೀಯ. ಬರೆಯುವುದು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಮಾಡಿದ ತಕ್ಷಣ ನಿನ್ನತ್ತೆ ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತಾರಲ್ಲ. ಅದಕ್ಕೇ ನಿಮ್ಮ ಸತ್ಯಮಂಗಲದ ಹೂವಿನ ಮಾರ್ಕೆಟ್ಟಿಗೆ ಚೆಂಡುಹೂ ಹೊರುವ ವಸಂತಮ್ಮನ ಕೈಲಿ ಇದನ್ನು ಕಳುಹಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ಮೊದಲು ಇಲ್ಲಿಯ ಸುದ್ದಿ. ನಾನು ಅಡುಗೆ ಮಾಡುವ ಸಂಸ್ಥೆಯ ಮನೆಗೆ ಇಬ್ಬರು ಹೆಂಗಸರು ಬಂದಿದ್ದಾರೆ, ಕಾಡಿನ ಜೇನಿನ ಬಗ್ಗೆ ಓದುವವರು. ಒಬ್ಬಳು ಇಂಗ್ಲೆಂಡಿನ ಹೆಲೆನ್, ನನಗಿಂತ ದೊಡ್ಡವಳು. ಇನ್ನೊಬ್ಬಳು ವಿಯೆಟ್ನಾಮಿನ ಲಾನ್, ನಿನ್ನ ವಯಸ್ಸಿನ ಹುಡುಗಿ. ಇಬ್ಬರಿಗೂ ಅಷ್ಟಿಷ್ಟು ತಮಿಳು ಬರುತ್ತದೆ, ನನ್ನ ತಮಿಳು ನಿನಗೆ ಗೊತ್ತೇ ಇದೆ. ಹೇಗೋ ನಡೆಯುತ್ತದೆ.

ಹೆಲೆನ್ ದೂರು ಹೇಳುವ ಚಂದ ನೀನು ನೋಡಬೇಕಿತ್ತು. ಮೊದಲು ಕ್ಷಮೆ ಕೇಳುತ್ತಾಳೆ. ಆಮೇಲೆ ಅನ್ನ ಬಹಳ ರುಚಿಯಾಗಿತ್ತು ಎನ್ನುತ್ತಾಳೆ. ಆಮೇಲೆ, ನಿಮಗೆ ತೊಂದರೆ ಇಲ್ಲದಿದ್ದರೆ ಸ್ನಾನದ ನೀರು ಇನ್ನೊಂದು ಚೂರು ಬಿಸಿಯಾಗಬಹುದೇನೋ ಎನ್ನುತ್ತಾಳೆ. ಮೊದಮೊದಲು ನಾನು ಹೊಗಳುತ್ತಿದ್ದಾಳೆ ಎಂದುಕೊಂಡು ಹಲ್ಲು ಕಿರಿದು ನಿಲ್ಲುತ್ತಿದ್ದೆ. ನೀರು ಬಿಸಿಯಾಗುವ ತನಕ ಆಯಮ್ಮ ಜಾಗ ಬಿಟ್ಟು ಕದಲುವುದಿಲ್ಲ ಎಂದು ಆಮೇಲೆ ತಿಳಿಯಿತು.

ಲಾನ್ ಬಂದ ಹೊಸದರಲ್ಲಿ ಏನು ಕೊಟ್ಟರೂ ನಕ್ಕು ಪರವಾಗಿಲ್ಲ ಅನ್ನುತ್ತಿದ್ದಳು. ನನ್ನ ಅಡುಗೆಮನೆಯಲ್ಲಿ ಕೂತು ಉಣ್ಣತೊಡಗಿದ ಮೇಲೆ ನೋಡು, ಶುರುವಾಯಿತು. ಅಕ್ಕಾ, ಟೀ ಪಾಯಸದ ಹಾಗಿದೆ. ಅಕ್ಕಾ, ಮುದ್ದೆ ಗಂಟಲಲ್ಲಿ ನಿಂತಿತು. ಅಕ್ಕಾ, ನೀನು ದಪ್ಪಗಾಗುತ್ತಿದ್ದೀಯ. ಹೆಲೆನ್ ಗಾಬರಿಯಾಗಿ ಅವಳ ಪರವಾಗಿ ನನ್ನಲ್ಲಿ ಕ್ಷಮೆ ಕೇಳಿದಳು. ನಾನು ಲಾನ್‌ಳನ್ನೇ ಕೇಳಿದೆ. ಅವಳು, ನಮ್ಮ ಕಡೆ ಹೊರಗಿನವರ ಹತ್ತಿರ, ದೊಡ್ಡವರ ಹತ್ತಿರ ನಗುತ್ತೇವೆ, ಅವರ ಮುಖ ಬಾಡಿಸಬಾರದು. ಒಡಹುಟ್ಟಿದವಳು ಎಂದುಕೊಂಡವಳಿಗೆ ಮಾತ್ರ ಮುಖಕ್ಕೇ ಹೇಳುತ್ತೇವೆ, ನಮ್ಮ ಮನೆಯಲ್ಲಂತೂ ಹಾಗೇ ಎಂದಳು. ಅವತ್ತೆಲ್ಲ ಬೈಸಿಕೊಂಡು ಬೀಗಿದವಳು ನಾನು.

ದೀಪಾವಳಿ ಕಳೆದ ಮೇಲೆ ಅವಳ ಬೈಗುಳ ನಿಂತಿತು. ಟೀ ಚೆನ್ನಾಗಿದೆ, ಸಾರು ಚೆನ್ನಾಗಿದೆ. ಕೊನೆಗೂ ನನ್ನ ಕೈರುಚಿ ಹತ್ತಿತು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು. ಅದೇ ಹೊತ್ತಿಗೆ ಹೆಲೆನ್ ಕ್ಷಮಿಸಿ ಕ್ಷಮಿಸಿ ಎನ್ನುತ್ತಾ ತಲೆನೋವಿನ ವಿಷಯ ಹೇಳಿದಳು. ಅವಳಿಗೆ ಕಷಾಯ, ಕಂಬಳಿ, ಎಲ್ಲ ಉಪಚಾರ ಮಾಡಿದೆ. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ ಲಾನ್ ತಟ್ಟೆಯ ಅನ್ನವನ್ನೆಲ್ಲ ನಾಯಿಗೆ ಸುರಿಯುತ್ತಿದ್ದಳು. ಕೈ ಹಿಡಿದೆ, ಕಾದ ಹೆಂಚು. ತುಟಿ ಒಡೆದಿತ್ತು, ಆದರೂ ನಗುತ್ತಿದ್ದಳು. ಏನಿಲ್ಲ ಅಕ್ಕ, ಸ್ವಲ್ಪ ಆಯಾಸ ಎಂದು ಹೇಳಿ ಅಲ್ಲೇ ಕುಸಿದಳು.

ಚಿಕ್ಕಪ್ಪನ ಮಗ ಯೋಗೇಶನ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟೆವು. ಬೇರೆ ದಿನವಾಗಿದ್ದರೆ ಆ ಕಾಡುದಾರಿಯಲ್ಲಿ ಆನೆ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು, ಅವತ್ತು ಬಿದಿರಿನ ಕಡೆ ತಿರುಗಿಯೂ ನೋಡಲಿಲ್ಲ. ದಿಂಬಂ ಘಾಟಿ ಇಳಿಯುವಾಗ ತಿರುವಿನಲ್ಲಿ ಲಾರಿ ಅಡ್ಡ. "ಸಿಕ್ಕಾಕಂಡದ ಕಣಕ್ಕ, ಇಂದಕ್ಕೂ ಓಗಕಾಗಲ್ಲ, ಮುಂದಕ್ಕೂ ಓಗಕಾಗಲ್ಲ" ಎಂದು ಯೋಗೇಶ ತಲೆ ಹಿಡಿದುಕೊಂಡ. ಇವಳ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಮಾದಪ್ಪನಿಗೆ ಏನೇನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಪಾದ ತಿಕ್ಕಿದೆ, ಕೆನ್ನೆ ತಟ್ಟಿದೆ, ನನ್ನನ್ನು ಬೈ ತಾಯಿ, ಏನಾದರೂ ಬೈ ಎಂದು ಗೋಗರೆದೆ.

ಲಾರಿ ಸರಿಯುವ ಹೊತ್ತಿಗೆ ಅವಳು ಗೊಣಗಿದಳು: "ಅಕ್ಕಾ, ನಿನ್ನ ಕೈ ತುಂಬಾ ಒರಟು. ನೋಯುತ್ತದೆ."

ನಾನು ಜೋರಾಗಿ ಅತ್ತುಬಿಟ್ಟೆ. ಅಷ್ಟು ಒಳ್ಳೆಯ ಮಾತನ್ನು ನನ್ನ ಜನ್ಮದಲ್ಲಿ ಕೇಳಿಲ್ಲ.

ಕಾಡಿನ ಹುಳ ಕಚ್ಚಿ ಬಂದ ಜ್ವರವಂತೆ, ಡಾಕ್ಟರು ಸರಿಯಾದ ಔಷಧಿ ಕೊಟ್ಟರು. ಈಗ ಗಂಜಿಗೆ ಉಪ್ಪು ಸಾಲದು ಎನ್ನುವಷ್ಟು ಗುಣವಾಗಿದ್ದಾಳೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ನಿನ್ನ ಊಟದಿಂದಲೇ ಹೀಗಾಯಿತು ಎಂದು ಸಂಸ್ಥೆಯವರು ನಿನ್ನನ್ನು ಕೆಲಸದಿಂದ ತೆಗೆದರೆ ಎಂದು ಹೆದರಿದೆ ಎಂದಳು. ಸಣ್ಣಪುಟ್ಟದನ್ನೆಲ್ಲ ಬಾಯ್ತುಂಬ ಹೇಳಿ, ಸಾಯುವಂಥದ್ದನ್ನು ನುಂಗಿಕೊಂಡಿದ್ದಳು, ನನ್ನನ್ನು ಉಳಿಸಲು.

ಅವತ್ತಿನಿಂದ ನನಗೆ ನಿದ್ದೆ ಇಲ್ಲ ಪರಿಮಳಾ. ಮದುವೆಯಾದ ಹೊಸದರಲ್ಲಿ ನಿನ್ನ ಫೋನು ಬಂದರೆ ಮನೆಯವರೆಲ್ಲ ನಗುತ್ತಿದ್ದೆವು. ನೀರು ಸಪ್ಪೆ, ಸೆಕೆ, ಅತ್ತೆಯ ಗೊರಕೆ, ಗಂಡನ ಜಿಪುಣತನ, ಒಂದನ್ನೂ ನೀನು ಬಿಡುತ್ತಿರಲಿಲ್ಲ. ಸಾಕು ನಿಲ್ಲಿಸೇ ಎಂದು ಅವ್ವ ಗದರುತ್ತಿದ್ದಳು. ಈಗ ಎಷ್ಟೋ ತಿಂಗಳಿಂದ ಒಂದೇ ಮಾತು: "ಎಲ್ಲಾ ಚೆನ್ನಾಗದ ಕಣಕ್ಕ." ಅದೇ ಮಾತು, ಅದೇ ದನಿ. ಅವ್ವನಿಗೆ, ಮಗಳು ಹೊಂದಿಕೊಂಡಳು ಎಂದು ಸಮಾಧಾನ. ನನಗಿಲ್ಲ. ಅಪ್ಪನ ಎದೆನೋವಿಗೆ ಹೆದರಿ ಸುಮ್ಮನಿದ್ದೀಯಾ, ಅಥವಾ ಪಕ್ಕದಲ್ಲಿ ಕೂತವರಿಗೆ ಹೆದರಿಯಾ?

ನಿನ್ನ ಕೂಸು ಪುಟ್ಟಿಗೆ ನನ್ನ ಮುತ್ತು. ನಿನ್ನ ಉಸಿರು ಗಟ್ಟಿಯಾಗಿರಲಿ, ಮಾದಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಮಂಗಳ

ಮರೆತು ಕೊನೆಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ, ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವಾರ ನೀನು ಹೂ ಆರಿಸಲು ಬಗ್ಗಿದಾಗ ವಸಂತಮ್ಮ ನಿನ್ನ ಕತ್ತಿನ ಸುಟ್ಟ ಗಾಯ ನೋಡಿದಳಂತೆ. ಕೇಳಿದ್ದಕ್ಕೆ, ಒಗ್ಗರಣೆ ಹಾಕುವಾಗ ಎಣ್ಣೆ ಸಿಡಿಯಿತು ಎಂದೆಯಂತೆ. ಎಣ್ಣೆ ಕತ್ತಿನ ಹಿಂದಕ್ಕೆ ಸಿಡಿಯುವುದಿಲ್ಲ ಕಣೇ. ಬುಧವಾರ ಬೆಳಿಗ್ಗೆ ಯೋಗೇಶನೂ ನಾನೂ ಹೂವಿನ ಮಾರ್ಕೆಟ್ಟಿನ ಬಾಗಿಲಲ್ಲಿ ಇರುತ್ತೇವೆ. ಹೂ ತರುತ್ತೇನೆಂದು ಹೇಳಿ ಪುಟ್ಟಿಯನ್ನು ಎತ್ತಿಕೊಂಡು ಬಾ, ಬಟ್ಟೆಬರೆ ಏನೂ ಬೇಡ. ನೀನು ಬರದಿದ್ದರೆ ನಾವೇ ನಿನ್ನ ಮನೆಬಾಗಿಲಿಗೆ ಬರುತ್ತೇವೆ. ಏನಾಯಿತು ಎಂದು ನಾನು ಕೇಳುವುದಿಲ್ಲ. ನೀನು ಯಾರ ಮೇಲೂ ದೂರು ಹೇಳಬೇಕಾಗಿಲ್ಲ. ಸುಮ್ಮನೆ ಜೀಪು ಹತ್ತು.