ಅವನ ಸರದಿ

ಮಾರ್ಚ್ 4, ಮಂಗಳವಾರ

ಮತ್ತೆ ಸೋತೆ. ಊಟದ ಡಬ್ಬಿ ತೆರೆಯುವ ಮೊದಲೇ ಫೋನಿನ ಆಟ ಮುಗಿಸಿಬಿಟ್ಟ ನನ್ನ ತಮ್ಮ. ನನ್ನ ಕಡೆ ಚಿಪ್ಪಿನೊಳಗೆ ತಲೆ ಎಳೆದುಕೊಂಡ ಆಮೆ. ಅವನ ಕಡೆ ‘ಅಪ್ಪನ ಸ್ಕೂಟರ್’ — ಘೇಂಡಾಮೃಗದಂಥದ್ದು, ಹೆಜ್ಜೆಗೊಮ್ಮೆ ಹಿಂದಿನಿಂದ ಕಪ್ಪು ಹೊಗೆ ಬಿಡುತ್ತದೆ. ಆಟದಲ್ಲಿ ಅದನ್ನು ಹಿಡಿದ ದಿನವೇ ಆ ಹೆಸರಿಟ್ಟಿದ್ದ. ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಪಂದ್ಯ ಮುಗಿದ ಮೇಲೆ ಎಂದಿನಂತೆ ಮೆಸೇಜು: “ಅಕ್ಕ, ನಿಂದು ಸರ್ಕಾರಿ ಆಫೀಸ್ ಆಟ. ಗೆಲ್ಲಲ್ಲ. ಎದುರಿಗಿರೋನು ಬೇಜಾರಾಗಿ ಎದ್ದು ಹೋಗ್ಲಿ ಅಂತ ಕಾಯ್ತೀಯ.”

“ನಿಂದೇನು, ಬೀದಿ ಜಗಳ,” ಎಂದೆ.

ನಿಜವೇ. ನಾನು ಹೊಡೆಯುವುದಕ್ಕಿಂತ ತಡೆಯುವುದು ಹೆಚ್ಚು. ಗುರಾಣಿ, ಆರೈಕೆ, ಮತ್ತೆ ಗುರಾಣಿ. ಕಿವಿ ಪರೀಕ್ಷಿಸುವ, ನಲವತ್ತು ದಾಟಿದ ಆಡಿಯಾಲಜಿಸ್ಟ್ ಒಬ್ಬಳು ಕ್ಲಿನಿಕ್ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪ್ರಾಣಿ ಕಾಳಗ ಆಡುತ್ತಾಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ರಿಸೆಪ್ಷನ್ ಹುಡುಗಿ ಬಂದವರಿಗೆ “ಮೇಡಂ ಧ್ಯಾನಕ್ಕೆ ಕೂತಿದಾರೆ” ಅನ್ನುತ್ತಾಳೆ. ನಾನೂ ತಿದ್ದಿಲ್ಲ.

ಮಾರ್ಚ್ 7, ಶುಕ್ರವಾರ

ಸಂಜೆ ಆಫೀಸಿನಿಂದ ಮನೆಗೆ ಬಂದ ಇವರು ಕೇಳಿದರು — “ನಿನ್ನ ತಮ್ಮ ಹೇಗಿದಾನೆ?”

“ಚೆನ್ನಾಗಿದಾನೆ. ಇವತ್ತು ಮೂರೇ ಸುತ್ತಲ್ಲಿ ಸೋಲಿಸಿದ.”

“ಮಾತಾಡಿದ್ಯಾ ಅಂತ ಕೇಳಿದ್ದು.”

ಮಾತಾಡಿರಲಿಲ್ಲ. ಆ ಅಪಘಾತವಾದ ಮೇಲೆ ನಮ್ಮಿಬ್ಬರ ನಡುವೆ ಮಾತೆಂದರೆ ಆಟವೇ. ಲಿಫ್ಟ್ ರಿಪೇರಿ ಅವನ ಕೆಲಸ. ಜೊತೆಗೆ ಕೆಲಸ ಮಾಡುವವನು ಕೆಳಗೆ ಲಿಫ್ಟಿನ ಗುಂಡಿಯಲ್ಲಿದ್ದಾಗ ಮೇಲೆ ಯಾರೋ ಕರೆಂಟ್ ಕೊಟ್ಟರು, ಲಿಫ್ಟ್ ಅವನ ಮೇಲೆ ಇಳಿಯಿತು. ತಮ್ಮ ಎರಡು ಮಹಡಿ ಆಚೆ ಇದ್ದ. ವಿಚಾರಣೆಯಾಯಿತು. ಕಂಪನಿಯವರು, ಪೊಲೀಸರು, ಕೊನೆಗೆ ಸತ್ತವನ ಹೆಂಡತಿ ಕೂಡ ಇವನ ತಪ್ಪಿಲ್ಲ ಎಂದರು. ಎಲ್ಲರೂ ಹಾಗೆಂದದ್ದೇ ಅವನಿಗೆ ತಡೆಯಲಾಗಲಿಲ್ಲವೇನೋ. ಅವತ್ತಿನಿಂದ ಕೆಲಸಕ್ಕೆ ಹೋಗಿಲ್ಲ. ಫೋನ್ ಮಾಡಿದರೆ ಹೂಂ, ಊಹೂಂ. ಆದರೆ ಮಧ್ಯಾಹ್ನ ಪಂದ್ಯಕ್ಕೆ ಕರೆದರೆ ಬರುತ್ತಾನೆ.

ಅವನ ಆಟ ನೋಡಿ ಅವನನ್ನು ಅಳೆಯುತ್ತೇನೆ. ಜೋರಾಗಿ ಹೊಡೆದ ದಿನ — ಊಟ ಮಾಡಿದ್ದಾನೆ, ನಿದ್ದೆ ಬಂದಿದೆ. ಇದು ಸರಿಯೇ? ಗೊತ್ತಿಲ್ಲ. ನನಗೆ ಬರುವುದು ಅದೊಂದೇ. ದಿನವಿಡೀ ಮಾಡುವುದೂ ಅದನ್ನೇ ತಾನೆ — ಗಾಜಿನಾಚೆ ಹೆಡ್‌ಫೋನ್ ಹಾಕಿ ಕೂತವರು ಸದ್ದು ಕೇಳಿಸಿದಾಗ ಬಟನ್ ಒತ್ತಿದರೋ ಇಲ್ಲವೋ, ಎಷ್ಟು ತಡವಾಗಿ ಒತ್ತಿದರು, ನೋಡುವುದು.

ಮಾರ್ಚ್ 11

ಇವತ್ತು ಗೆದ್ದೆ. ಖುಷಿಯಾಗಲಿಲ್ಲ.

ಅವನ ‘ಕಿಟಕಿ’ — ಗಾಜಿನ ರೆಕ್ಕೆಯ ಪತಂಗ, ಒಂದು ಏಟಿಗೂ ತಾಳದು. ಯಾವತ್ತೂ ಕೊನೆಗೆ ಜೋಪಾನವಾಗಿ ಇಳಿಸುತ್ತಿದ್ದ. ಇವತ್ತು ಮೊದಲಿಗೇ ನನ್ನೆದುರು ತಂದು ನಿಲ್ಲಿಸಿದ. ಹಿಂದಕ್ಕೆ ಕರೆದುಕೊಳ್ಳುತ್ತಾನೆ ಎಂದುಕೊಂಡೆ. ಕರೆಯಲಿಲ್ಲ. ಹೊಡೆಯಲೂ ಇಲ್ಲ. ನಾನೇ ‘ಕಾಯು’ ಒತ್ತಿ ಒಂದು ಸರದಿ ಕಳೆದೆ. ಅವನೂ ಕಳೆದ. ಕೊನೆಗೆ ಹೊಡೆದೆ.

“ನಿದ್ದೆ ಮಾಡ್ತಿದ್ಯಾ?” ಎಂದು ಬರೆದೆ.

“ನೀನು ಹೇಗೆ ಆಡ್ತೀಯ ನೋಡ್ತಿದ್ದೆ. ಪರವಾಗಿಲ್ಲ ಅಕ್ಕ. ಒಬ್ಬಳೇ ಆಡಬಲ್ಲೆ.”

ಆಟ ಕಲಿಸಿದ್ದೇ ನಾನು ಇವನಿಗೆ. ಇವನು ಸರ್ಟಿಫಿಕೇಟ್ ಕೊಡುತ್ತಾನೆ.

ಮಾರ್ಚ್ 14

ಆಟದ ಅಂಚೆಪೆಟ್ಟಿಗೆಯಲ್ಲಿ ಉಡುಗೊರೆ. ತೆರೆದರೆ — ‘ಹೆಡ್‌ಮಾಸ್ಟರ್’! ಅವನ ಗೂಬೆ. ಕನ್ನಡಕದಂಥ ಕಣ್ಣು, ಗಂಟಿಕ್ಕಿದ ಹುಬ್ಬು. ಎಷ್ಟು ವರ್ಷ ಕೇಳಿದ್ದೆ. ನನ್ನ ಮದುವೆಗೆ ಕೊಡು ಎಂದಾಗಲೂ “ಬೇಕಿದ್ರೆ ಕಿಡ್ನಿ ತಗೋ” ಎಂದಿದ್ದವನು.

“ಏನೋ ಇದು, ಸೂರ್ಯ ಯಾವ ಕಡೆ ಹುಟ್ಟಿದ?”

“ನಿನ್ನ ಹತ್ರ ಚೆನ್ನಾಗಿರುತ್ತೆ. ನಾನು ಬೈಯ್ತಾನೇ ಇರ್ತೀನಿ ಅದಕ್ಕೆ.”

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ — ಮೊದಲಿನ ಹಾಗೆ ಆಗುತ್ತಿದ್ದಾನೆ, ಕೊಡೋ ಮನಸ್ಸು ಬಂದಿದೆ. ಇವರು ಅನ್ನ ಕಲಸುವುದು ನಿಲ್ಲಿಸಿದರು. ಏನೋ ಹೇಳಲು ಹೊರಟು, “ಒಂದ್ಸಲ ಹೋಗಿ ನೋಡ್ಕೊಂಡು ಬಾ” ಅಂದರಷ್ಟೆ.

ಮಾರ್ಚ್ 23, ಭಾನುವಾರ

ಈ ವಾರದಲ್ಲಿ ಕಿಟಕಿ ಬಂತು. ಅಪ್ಪನ ಸ್ಕೂಟರ್ ಬಂತು. ಮೂವರನ್ನೂ ಸೇರಿಸಿಕೊಂಡು ಗುರುತಿಲ್ಲದವರ ಜೊತೆ ಪಂದ್ಯ ಆಡಿದೆ. ಗೆದ್ದೆ, ಮತ್ತೆ ಮತ್ತೆ ಗೆದ್ದೆ. ಶ್ರೇಯಾಂಕದ ಪಟ್ಟಿಯಲ್ಲಿ ಇಷ್ಟು ಮೇಲೆ ಎಂದೂ ಹೋಗಿರಲಿಲ್ಲ. ಸ್ಕ್ರೀನ್‌ಶಾಟ್ ಕಳಿಸಿದೆ. ಅವನು ಚಪ್ಪಾಳೆ ಕಳಿಸಿದ.

ಇವತ್ತು ಅವನ ಮನೆಗೆ ಹೋಗಿದ್ದೆ. ಹೇಳದೆ ಹೋದೆ. ಬಾಗಿಲು ತೆಗೆದವನು ಗಡ್ಡ ಬೋಳಿಸಿದ್ದ. ನಕ್ಕ. “ಬಾ ಅಕ್ಕ. ಇನ್‌ಸ್ಪೆಕ್ಷನ್ನಾ?”

ಮನೆ ಅಚ್ಚುಕಟ್ಟು. ನೆಲ ಒರೆಸಿದೆ. ಉಪಕರಣದ ಪೆಟ್ಟಿಗೆ ಗೋಡೆಗೆ ಒತ್ತಿ ನಿಲ್ಲಿಸಿದೆ, ಸ್ಪ್ಯಾನರ್‌ಗಳಿಗೆಲ್ಲ ಎಣ್ಣೆ. ಕೂತೆವು. ಅಮ್ಮ ಊಟಕ್ಕೆ ಕರೆದು ಕರೆದು ಕೊನೆಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋಗೇಮ್ ಡಬ್ಬಿಯನ್ನೇ ಅಕ್ಕಿಯ ಡಬ್ಬದಲ್ಲಿ ಹೂತಿಟ್ಟ ಕಥೆ ಅವನೇ ತೆಗೆದ. ಆಗ ಇದ್ದದ್ದು ಒಂದೇ ಡಬ್ಬಿ, ಕೈಯಿಂದ ಕೈಗೆ. ಆಗ ಮಾಡಿಕೊಂಡ ನಿಯಮ: ಪಂದ್ಯದ ನಡುವೆ ಎದ್ದು ಹೋಗುವ ಹಾಗಿಲ್ಲ. ಅಮ್ಮ ಕರೆದರೂ, ಜ್ವರ ಬಂದರೂ. ಎದ್ದರೆ ಇನ್ನೊಬ್ಬರು ಕೇಳಿದ್ದನ್ನು ಕೊಡಬೇಕು.

“ನೀನು ಎಷ್ಟು ಸಲ ಎದ್ದಿದೀಯ,” ಎಂದ. “ನಾನು ಒಂದ್ಸಲಾನೂ ಎದ್ದಿಲ್ಲ.”

“ನೀನು ಚಡ್ಡೀಲಿ ಒಂದ ಮಾಡ್ಕೊಂಡಿದ್ದೆ. ಎದ್ದಿರಲಿಲ್ಲ. ಒಪ್ತೀನಿ.”

ತುಂಬ ನಕ್ಕೆವು. ಬರುವಾಗ ನೀರಿಗೆಂದು ಫ್ರಿಜ್ ತೆಗೆದೆ. ಖಾಲಿ. ತೊಳೆದು ಒರೆಸಿ, ಪ್ಲಗ್ ಕಿತ್ತು, ಬಾಗಿಲ ಸಂದಿಗೆ ಬಟ್ಟೆ ಮಡಿಸಿ ಇಟ್ಟಿದ್ದಾನೆ. ವಾಸನೆ ಹಿಡಿಯದಿರಲಿ ಎಂದು ಮಾಡುತ್ತಾರಲ್ಲ, ಹಾಗೆ.

“ಕೆಟ್ಟಿದ್ಯಾ?”

“ಹೂಂ.”

ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರವಾಗಿತ್ತು. ಈಗ ಬರೆಯುತ್ತ ಕೂತಾಗ ಅದೊಂದು ಸಿಕ್ಕಿಕೊಂಡಿದೆ. ಕೆಟ್ಟದ್ದನ್ನು ಹಾಗೇ ಬಿಡುವ ಆಸಾಮಿಯಲ್ಲ ಅವನು. ಪಕ್ಕದ ಮನೆಯವರ ಮಿಕ್ಸಿ ಕೆಟ್ಟರೂ ಕೈ ತುರಿಸುತ್ತದೆ.

ನಾನು ಸುಮ್ಮನೆ ಹುಳ ಬಿಟ್ಟುಕೊಳ್ಳುತ್ತಿದ್ದೇನೆ. ಅಷ್ಟು ನಕ್ಕವನು…

ಏಪ್ರಿಲ್ 3, ಗುರುವಾರ

ಹತ್ತು ಹನ್ನೊಂದು ದಿನ ಬರೆದಿಲ್ಲ. ಕ್ಲಿನಿಕ್‌ನಲ್ಲಿ ಶಾಲಾ ಮಕ್ಕಳ ತಪಾಸಣೆ, ಉಸಿರಾಡಲು ಬಿಡುವಿಲ್ಲ. ಪಂದ್ಯವೂ ಇಲ್ಲ. ಅವನೂ ಕರೆದಿಲ್ಲ. ಉಡುಗೊರೆಗಳು ಮಾತ್ರ ಬರುತ್ತಲೇ ಇವೆ. ಅವನ ಬಳಿ ಉಳಿದದ್ದು ಒಂದೇ ಇರಬೇಕು — ‘ಬೆಂಕಿಪೊಟ್ಟಣ’. ನಾವಿಬ್ಬರೂ ಸೇರಿ ಮೊಟ್ಟಮೊದಲು ಹಿಡಿದ ಇಲಿಮರಿ, ಬಾಲದ ತುದಿಯಲ್ಲಿ ಕಿಡಿ. ಹಳೆಯ ಆಟದಿಂದ ಹೊಸದಕ್ಕೆ, ಅಲ್ಲಿಂದ ಇನ್ನೊಂದಕ್ಕೆ, ಪ್ರತಿ ಸಲವೂ ಅದನ್ನು ಸಾಗಿಸಿಕೊಂಡು ಬಂದವನು ಅವನು. ಅದನ್ನು ಯಾರಿಗೂ ಕೊಡುವುದಿಲ್ಲ.

ನಾಳೆ ಫೋನ್ ಮಾಡಬೇಕು. ಆಟ ಅಲ್ಲ, ಫೋನ್.

ಏಪ್ರಿಲ್ 4, ಶುಕ್ರವಾರ. ಮಧ್ಯಾಹ್ನ

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ನು. ಬರೆಯುತ್ತಿದ್ದರೆ ಕೂತಿರಬಲ್ಲೆ. ಸರದಿ ಸರದಿಯ ನಡುವೆ ಬರೆಯುತ್ತೇನೆ.

ಅವನ ಕೆಳಮನೆಯ ಟೀಚರ್ ಇವತ್ತು ಹಿಯರಿಂಗ್ ಏಡ್ ಸರಿ ಮಾಡಿಸಲು ಬಂದಿದ್ದರು. ರಿಟೈರಾದವರು, ನನ್ನ ಹಳೆಯ ಪೇಷಂಟು. ಕಿವಿಗೆ ಮಷೀನಿನ ಅಚ್ಚು ಕೂರಿಸುತ್ತಿದ್ದೆ.

“ನಿಮ್ಮ ತಮ್ಮ ಗಿಡ ಎಲ್ಲ ನನಗೇ ಕೊಟ್ಟುಬಿಟ್ಟ ಕಣಮ್ಮ. ಊರು ಬಿಡ್ತಿದಾನಂತಲ್ಲ? ಕೀ ಕೂಡ ಕೊಟ್ಟಿದಾನೆ. ನಾಳೆ ಬೆಳಗ್ಗೆ ನೀವು ಬರ್ತೀರಂತೆ, ‘ಬಾಗಿಲು ತೆಗೆದುಕೊಡಿ ಟೀಚರ್, ಆದರೆ ನೀವು ಮೊದಲು ಒಳಗೆ ಹೋಗಬೇಡಿ’ ಅಂದ. ಯಾಕಪ್ಪ ಅಂದ್ರೆ ನಗ್ತಾನೆ.”

ನನಗೆ ಯಾರೂ ಬಾ ಎಂದಿಲ್ಲ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಆಟದಿಂದ ಸದ್ದು. ಉಡುಗೊರೆ. ತೆರೆಯದೆಯೇ ಗೊತ್ತಾಯಿತು. ಬೆಂಕಿಪೊಟ್ಟಣ. ಜೊತೆಗೆ ಒಂದು ಸಾಲು — “ಇದನ್ನ ಜೋಪಾನ.”

ಎಲ್ಲ ಒಟ್ಟಿಗೆ ತಿಳಿಯಿತು. ಫ್ರಿಜ್ಜು. ಎಣ್ಣೆ ಹಚ್ಚಿದ ಸ್ಪ್ಯಾನರ್ರು. ಒಬ್ಬಳೇ ಆಡಬಲ್ಲೆ. ಅವನು ಮನೆ ಖಾಲಿ ಮಾಡುತ್ತಿದ್ದ, ನಾನು ಸ್ಕ್ರೀನ್‌ಶಾಟ್ ಕಳಿಸುತ್ತಿದ್ದೆ.

ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಇನ್ನೂ ಇತ್ತು. ಆಟದಲ್ಲಿದ್ದ. ಪಂದ್ಯಕ್ಕೆ ಕರೆದೆ.

ಪರದೆಯ ಮೇಲೆ ಕಾಯುವ ಚುಕ್ಕೆ… ಚುಕ್ಕೆ…

ಒಪ್ಪಿಕೊಂಡ.

ರಿಸೆಪ್ಷನ್‌ನಿಂದ ಇವರಿಗೆ ಫೋನ್ ಮಾಡಿಸಿದೆ. ಇವರ ಆಫೀಸ್ ಪಕ್ಕದ ಬೀದಿ. ಓಡಿ ಬಂದರು, ಟೀಚರ್ ಕೈಯಿಂದ ಕೀ ತೆಗೆದುಕೊಂಡರು, ಹೋದರು. ರಿಸೆಪ್ಷನ್ ಹುಡುಗಿ ಆಂಬ್ಯುಲೆನ್ಸ್‌ನವರಿಗೆ ವಿಳಾಸ ಹೇಳುತ್ತಿದ್ದಾಳೆ, ಒಂದೊಂದು ಅಕ್ಷರವೂ ಬಿಡಿಸಿ. ನಾನೂ ಎದ್ದು ನಿಂತಿದ್ದೆ. ಇವರು ಭುಜ ಹಿಡಿದು ಕೂರಿಸಿದರು — “ದಾರೀಲಿ ಸಿಗ್ನಲ್ ಹೋದ್ರೆ? ನೀನು ಏಳಬೇಡ. ಅವನನ್ನ ಹಿಡಿದಿಟ್ಕೋ.”

ಸ್ನೇಹಿತರ ಪಂದ್ಯಕ್ಕೆ ಒಟ್ಟು ಸಮಯದ ಗಡಿ ಇಲ್ಲ. ಪ್ರತಿ ಸರದಿಗೆ ಮಾತ್ರ ಒಂದಿಷ್ಟು ಸೆಕೆಂಡು; ಅಷ್ಟರಲ್ಲಿ ಏನೂ ಒತ್ತದಿದ್ದರೆ ಎದ್ದು ಹೋದಂತೆ, ಪಂದ್ಯ ಮುಗಿಯಿತು. ಯಾರ ಪ್ರಾಣಿಯೂ ಬೀಳದಿದ್ದರೆ ಎಷ್ಟು ಹೊತ್ತಾದರೂ ನಡೆಯುತ್ತದೆ. ಪಂದ್ಯದ ನಡುವೆ ಅವನು ಏಳುವವನಲ್ಲ.

ಸ್ವಲ್ಪ ಹೊತ್ತಿನ ಮೇಲೆ

ಅವನ ಬಳಿ ಏನೂ ಉಳಿದಿಲ್ಲ. ಆಟದ ಮೊದಲ ಹುಲ್ಲುಗಾವಲಿನಲ್ಲಿ ಸಿಗುವ ಕಡ್ಡಿಹುಳು ಒಂದು, ಅಷ್ಟೆ. ಹೆಸರು ಕೂಡ ಇಟ್ಟಿಲ್ಲ. ನನ್ನ ಯಾವ ಪ್ರಾಣಿ ಉಫ್ ಎಂದು ಊದಿದರೂ ಸತ್ತೀತು.

ಆಮೆಯನ್ನು ಇಳಿಸಿದೆ. ಗುರಾಣಿ.

ಹುಳು ಹೊಡೆಯಿತು. ಗೀರೂ ಬೀಳಲಿಲ್ಲ.

ಗುರಾಣಿ.

ಆಕಳಿಸುವ ಮುಖ ಕಳಿಸಿದ. ನನ್ನನ್ನು ರೇಗಿಸಲು ಹತ್ತು ವರ್ಷದಿಂದ ಕಳಿಸುವ ಅದೇ ಮುಖ. ಕಣ್ಣು ತುಂಬಿ ಪರದೆ ಕಾಣಲಿಲ್ಲ.

ಮೆಸೇಜು: “ಅಕ್ಕ, ಬೇಗ ಮುಗಿಸು.”

“ನಿನಗೇನು ಅವಸರ? ಸರ್ಕಾರಿ ಆಫೀಸು. ಸಾಲಲ್ಲಿ ನಿಲ್ಲು.”

ಸಮಯ ಓಡಿತು. ಕೊನೆಯ ಸೆಕೆಂಡಿಗೆ ಒತ್ತಿದ.

ತಡವಾಗಿ ಒತ್ತುತ್ತಿದ್ದಾನೆ. ಪ್ರತಿ ಸಲವೂ ಇನ್ನಷ್ಟು ತಡ.

ಟೀಚರ್ ನನ್ನೆದುರು ಕೂತಿದ್ದಾರೆ. ಒಂದು ಕಿವಿಗೆ ಮಾತ್ರ ಮಷೀನು. ನನ್ನ ಮೊಣಕಾಲ ಮೇಲೆ ಕೈ ಇಟ್ಟಿದ್ದಾರೆ.

ಮತ್ತೆ

ಅವನು ಹುಳುವಿನ ಕೈಲಿ ಹುಚ್ಚು ದಾಳಿ ಮಾಡಿಸುತ್ತಿದ್ದಾನೆ. ಹೊಡೆದಷ್ಟೂ ಹೊಡೆಯುವವನಿಗೇ ಪೆಟ್ಟು. ತಾನೇ ಬಿದ್ದು ಪಂದ್ಯ ಮುಗಿಸುವ ಉಪಾಯ. ನಿಯಮ ಮುರಿಯದೆ ಎದ್ದು ಹೋಗುವ ದಾರಿ. ಬಲು ಜಾಣ.

ಹುಳುವಿನಲ್ಲಿ ಉಳಿದದ್ದು ಕೂದಲೆಳೆಯಷ್ಟು ಜೀವ.

ನನ್ನ ಆಮೆಗೆ ‘ಆರೈಕೆ’ ಬರುತ್ತದೆ. ಯಾವಾಗಲೂ ನನ್ನ ಕಡೆಯವರಿಗೆ ಬಳಸಿದ್ದೇನೆ. ಬೆರಳು ಇಟ್ಟರೆ ಯಾರಿಗೆ ಎಂದು ಕೇಳುತ್ತದೆ. ಎದುರಾಳಿಯ ಹೆಸರೂ ಅಲ್ಲಿರುತ್ತದೆ. ಅದನ್ನು ಯಾರೂ ಒತ್ತುವುದಿಲ್ಲ. ಯಾಕಾದರೂ ಇಟ್ಟಿದ್ದಾರೋ ಎಂದು ನಾವಿಬ್ಬರೂ ನಕ್ಕಿದ್ದುಂಟು.

ಒತ್ತಿದೆ.

ಹುಳುವಿನ ಜೀವ ಮೆಲ್ಲಗೆ ಏರಿತು. ಪೂರ್ತಿ ಹಸಿರಾಯಿತು.

ಮೆಸೇಜು. “ಏನಕ್ಕ ಇದು.”

“ಆಟ.”

“ಹೀಗೆ ಯಾರಾದ್ರೂ ಆಡ್ತಾರಾ?”

“ನಾನು ಆಡ್ತೀನಿ. ನೀನು ಹೊಡೆದುಕೊಂಡಷ್ಟೂ ಸಲ. ನನಗೆ ಇವತ್ತು ಬೇರೆ ಕೆಲಸ ಇಲ್ಲ.”

ಮತ್ತೆ ಹುಚ್ಚು ದಾಳಿ. ಮತ್ತೆ ಆರೈಕೆ. ಮತ್ತೆ.

ಮತ್ತೆ.

ಇವರ ಫೋನು ರಿಸೆಪ್ಷನ್‌ಗೆ ಬಂದಿದೆ. ಕಟ್ಟಡದ ಕೆಳಗಿದ್ದಾರೆ. ಲಿಫ್ಟ್ ನಿಂತಿದೆಯಂತೆ. ನಾಲ್ಕನೇ ಮಹಡಿಯ ಅವನ ಮನೆಗೆ ಮೆಟ್ಟಿಲು ಹತ್ತುತ್ತಿದ್ದಾರೆ. ಹುಡುಗಿ ರಿಸೀವರ್ ಕಿವಿಗೊತ್ತಿಕೊಂಡು ನನ್ನತ್ತ ಬೆರಳೆತ್ತಿ ತೋರಿಸುತ್ತಿದ್ದಾಳೆ. ಎರಡನೇ ಮಹಡಿ.

ಅವನ ಸರದಿ. ಗಡಿಯಾರ ಓಡುತ್ತಿದೆ. ಒತ್ತಿಲ್ಲ.

ಮೂರನೇ ಮಹಡಿ.

ಹುಳು ನಿಂತೇ ಇದೆ, ಅತ್ತಿತ್ತ ತೂಗುತ್ತಿದೆ. ಕೊನೆಯ ಸೆಕೆಂಡುಗಳು ಕೆಂಪಾದವು. ದಿನಕ್ಕೆ ಎಷ್ಟು ಜನರಿಗೆ ಹೇಳುತ್ತೇನೆ, ಗಾಜಿನಾಚೆ ಕೂತವರಿಗೆ — ಸದ್ದು ಎಷ್ಟೇ ಸಣ್ಣಗೆ ಇರಲಿ, ಅನುಮಾನವಿದ್ದರೂ ಪರವಾಗಿಲ್ಲ, ಕೇಳಿಸಿತು ಅನ್ನಿಸಿದರೆ ಸಾಕು. ಒತ್ತು, ಮರಿ. ಕೇಳಿಸಿತು ಅಂತ ಅನ್ನಿಸಿದರೆ…