ಜಾಕಿಯ ಸತ್ತ ಕೂದಲು

ಪ್ರವೀಣ,

ನಾಲ್ಕು ಗಂಟೆಗೆ ದನದ ಡಾಕ್ಟರು ಜಾಕಿಗೆ ಕೊನೆಯ ಇಂಜೆಕ್ಷನ್ ಕೊಡಲು ಬರುತ್ತಾರೆ. ಮೂರೂವರೆಗೆ ಅವನ ಬೆನ್ನಿನ ಸತ್ತ ಕೂದಲು ಕೀಳಲು ಕೂತುಕೋ.

ಕೂದಲು ಬೋಳಿಸುವ ಮಷಿನ್ ಮುಟ್ಟಬೇಡ. ಅಪ್ಪ ಹೋದ ಮೇಲೆ ನೀನು ಬೋಳಿಸಿದ್ದಕ್ಕೇ ನಾಯಿಯ ತಂತಿಯಂಥ ಕೂದಲು ಹತ್ತಿಯಾಗಿ ಹೋಯಿತು.

ಬೆರಳಿಗೆ ಒಲೆಬೂದಿ ಹಚ್ಚಿಕೋ. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಎಳೆ. ಸತ್ತದ್ದು ನೋವಿಲ್ಲದೆ ಬರುತ್ತದೆ, ಬಾರದ್ದನ್ನು ಬಿಡು. ಅಪ್ಪ ಕೀಳುವಾಗ ಜಾಕಿ ನಿದ್ದೆಗೆ ಜಾರುತ್ತಿದ್ದ. ಇವತ್ತೂ ಜಾರಲಿ, ಸೂಜಿ ಕಾಣುವುದು ಬೇಡ.

"ನೀ ಎಂತಕ್ಕೆ ಮಾಡುದಿಲ್ಲ?" ಅಂತ ಕೇಳಬೇಡ. ಹೊನ್ನಾವರದ ಬ್ಯಾಂಕಿನಲ್ಲಿ ಡ್ಯೂಟಿ ಇದೆ ಎಂದು ಸುಳ್ಳು ಬರೆಯಬಹುದಿತ್ತು. ಆದರೆ ಇವತ್ತು ಭಾನುವಾರ.

ಅಂಕಿತಾ